ಗ್ರಾಫ್‌ನಲ್ಲಿ ಮಂಡಿ ವಾಲಿದರೆ ಮೊದಲು ಎಲ್ಲಿ ನೋಡಬೇಕು: ನಡಿಗೆ ಲ್ಯಾಬಿನ ದೋಷ ಹುಡುಕಾಟ

ನಡಿಗೆ ಲ್ಯಾಬ್ ಅಂದರೆ ಮೈಗೆ ಹೊಳೆಯುವ ಸಣ್ಣ ಗುಂಡುಗಳನ್ನು (ಮಾರ್ಕರ್) ಅಂಟಿಸಿ ನಡೆಸಿ, ಕ್ಯಾಮೆರಾಗಳಿಂದ ಕೀಲುಗಳ ಕೋನ ಅಳೆಯುವ ಜಾಗ. ಅಲ್ಲಿ ಒಂದು ರಿಪೋರ್ಟ್ ತೆಗೆದಿದ್ದೀರಿ. ಗ್ರಾಫ್ ನೋಡಿದರೆ ಮಂಡಿ ಪಕ್ಕಕ್ಕೆ ವಾಲುತ್ತಿದೆ. ಮಗುವನ್ನು ಮಂಚದ ಮೇಲೆ ಮಲಗಿಸಿ ಕಾಲು ಮಡಚಿ ಬಿಡಿಸಿ ನೋಡಿದರೆ ಮಂಡಿ ಬಾಗಿಲ ಕೀಲಿನ ಹಾಗೆ ನೆಟ್ಟಗೆ ಆಡುತ್ತಿದೆ, ಪಕ್ಕಕ್ಕೆ ಒಂಚೂರೂ ಅಲ್ಲಾಡುತ್ತಿಲ್ಲ. ಈಗ ಯಾವುದನ್ನು ನಂಬೋದು?

ನಮ್ಮಲ್ಲಿ ಹೀಗಾಗಿದ್ದು ಒಂಬತ್ತು ವರ್ಷದ ಒಬ್ಬ ಹುಡುಗಿಯ ವಿಷಯದಲ್ಲಿ. ಸೆರೆಬ್ರಲ್ ಪಾಲ್ಸಿ (ಮಿದುಳಿನ ಹಾನಿಯಿಂದ ಚಲನೆಗೆ ಬರುವ ತೊಂದರೆ) ಇರುವ ಮಗು, ಎರಡೂ ಮಂಡಿ ಒಳಕ್ಕೆ ತಿರುಗಿಸಿಕೊಂಡು ನಡೆಯುತ್ತಾಳೆ. ಅಜ್ಜಿಯ ಜೊತೆ ಬೆಳಗಿನ ಬಸ್ಸಿಗೆ ಬಂದು, ಟೆಸ್ಟ್ ಮುಗಿಸಿ, ಮಧ್ಯಾಹ್ನದ ಬಸ್ಸಿಗೆ ವಾಪಸ್ ಹೋಗಿಯೂ ಆಗಿತ್ತು. ತೊಡೆ ಮೂಳೆಯನ್ನು ಕತ್ತರಿಸಿ, ತಿರುಗಿಸಿ ಕೂರಿಸುವ ಆಪರೇಷನ್ ಬೇಕೋ ಬೇಡವೋ ಅಂತ ತೀರ್ಮಾನಿಸಲು ಡಾಕ್ಟರು ಈ ರಿಪೋರ್ಟನ್ನೇ ಕಾಯುತ್ತಿದ್ದರು. ಎಡಗಾಲಿನ ಗ್ರಾಫ್ ಮಾತ್ರ ಕಣ್ಣಿಗೆ ಕಂಡದ್ದಕ್ಕೆ ತಾಳೆಯಾಗುತ್ತಿರಲಿಲ್ಲ. ಕಾಲು ಎತ್ತಿ ಮುಂದಕ್ಕೆ ಹಾಕುವಾಗ ಮಂಡಿ 10 ಡಿಗ್ರಿಯಷ್ಟು ಒಳಕ್ಕೆ ವಾಲಿದ ಹಾಗೆ, ತೊಡೆ ಮಾತ್ರ ಸುಮಾರಾಗಿ ನೆಟ್ಟಗಿರುವ ಹಾಗೆ ತೋರಿಸುತ್ತಿತ್ತು.

ಅವತ್ತು ಯಾವ ಕ್ರಮದಲ್ಲಿ ಹುಡುಕಿದೆವೋ ಅದೇ ಕ್ರಮದಲ್ಲಿ ಬರೆಯುತ್ತೇನೆ. ದಾರಿಯಲ್ಲಿ ಸಿಗುವ ಬೇರೆ ದೋಷಗಳನ್ನೂ ಅಲ್ಲಲ್ಲೇ ಹೇಳಿಬಿಡುತ್ತೇನೆ, ನಿಮ್ಮ ದೋಷ ನಮ್ಮದೇ ಆಗಿರಬೇಕು ಅಂತೇನಿಲ್ಲವಲ್ಲ.

ನಮ್ಮ ಸಾಮಾನು ಇಷ್ಟು: 10 ಇನ್ಫ್ರಾರೆಡ್ ಕ್ಯಾಮೆರಾ, ಸೆಕೆಂಡಿಗೆ 100 ಫ್ರೇಮ್. ಸೊಂಟದಿಂದ ಕೆಳಕ್ಕೆ 14 ಮಿಲಿಮೀಟರಿನ 16 ಮಾರ್ಕರ್. ನೆಲದಲ್ಲಿ ಹೆಜ್ಜೆಯ ಬಲ ಅಳೆಯುವ ಎರಡು ಫೋರ್ಸ್ ಪ್ಲೇಟ್. ಪಕ್ಕದಲ್ಲಿ ಒಂದು ಮಾಮೂಲಿ ವಿಡಿಯೊ ಕ್ಯಾಮೆರಾ. ಅದನ್ನು ಯಾರೂ ಲೆಕ್ಕಕ್ಕೇ ಇಟ್ಟಿರಲಿಲ್ಲ, ಕೊನೆಗೆ ಮರ್ಯಾದೆ ಉಳಿಸಿದ್ದು ಅದೇ.

ಮೊದಲು ದೋಷದ ಆಕಾರ ನೋಡಿ

ಸಾಫ್ಟ್‌ವೇರಿನಲ್ಲಿ ಏನೂ ಒತ್ತಬೇಡಿ. ಸುಮ್ನೆ ಗ್ರಾಫ್ ನೋಡಿ. ಗೆರೆ ಒಂದೇ ಫ್ರೇಮಿನಲ್ಲಿ ಚಂಗನೆ ಜಿಗಿದು ಆಮೇಲೆ ವಾಪಸ್ ಬಂದರೆ ಅದು ಸಾಫ್ಟ್‌ವೇರ್ ಮಾರ್ಕರುಗಳಿಗೆ ಕೊಟ್ಟ ಹೆಸರು ಅದಲು ಬದಲಾಗಿರುವುದು. ಗೆರೆ ಸಣ್ಣಗೆ ನಡುಗುತ್ತಿದ್ದರೆ ಯಾವುದೋ ಮಾರ್ಕರ್ ಅರ್ಧಂಬರ್ಧ ಕಾಣುತ್ತಿದೆ, ಅಥವಾ ಬೇರೆ ಯಾವುದೋ ಬೆಳಕು ಮಾರ್ಕರ್ ಥರ ಕಾಣುತ್ತಿದೆ. ಬೆಳಿಗ್ಗೆ ಸರಿಯಿದ್ದದ್ದು ಸಂಜೆಗೆ ಕೆಟ್ಟಿದ್ದರೆ ಕ್ಯಾಲಿಬ್ರೇಷನ್, ಅಂದರೆ ಕ್ಯಾಮೆರಾಗಳ ಅಳತೆ ಹೊಂದಿಸಿದ್ದು, ಸರಿದಿದೆ. ಗೆರೆ ನುಣುಪಾಗಿದೆ, ಚೆಂದವಾಗಿದೆ, ಆದರೆ ಅರ್ಥಕ್ಕೆ ಮಾತ್ರ ಬರುತ್ತಿಲ್ಲ ಅಂದರೆ ಮಾರ್ಕರ್ ತಪ್ಪು ಜಾಗದಲ್ಲಿ ಕೂತಿದೆ. ಈ ಕೊನೆಯದು ಎಲ್ಲಕ್ಕಿಂತ ಅಪಾಯ, ಯಾಕಂದರೆ ನೋಡಲು ಅಷ್ಟು ಸಾಚಾ ಆಗಿರುತ್ತದೆ.

ಇನ್ನೊಂದು ಮಾತು, ಫಿಲ್ಟರ್ (ಗೆರೆಯ ನಡುಕ ಸವರಿ ನುಣುಪು ಮಾಡುವ ಲೆಕ್ಕ) ಹಾಕಿದ ಗ್ರಾಫಿನಲ್ಲಿ ದೋಷ ಹುಡುಕಬೇಡಿ. ನಡಿಗೆಗೆ ಸಾಮಾನ್ಯವಾಗಿ 6 ಹರ್ಟ್ಜ್ ಬಟರ್‌ವರ್ತ್ ಫಿಲ್ಟರ್ ಹಾಕುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಒಂದು ಫ್ರೇಮಿನ ಜಿಗಿತವನ್ನು ಅದು ಸವರಿ, ಹತ್ತು ಹದಿನೈದು ಫ್ರೇಮಿನ ಮೆತ್ತನೆ ಗುಡ್ಡ ಮಾಡಿಬಿಡುತ್ತದೆ. ಆಮೇಲೆ ನೀವು ಆ ಗುಡ್ಡಕ್ಕೆ ವೈದ್ಯಕೀಯ ಕಾರಣ ಹುಡುಕುತ್ತಾ ಕೂರುತ್ತೀರಿ. ಗೋಡೆ ಬಿರುಕಿಗೆ ಸುಣ್ಣ ಬಳಿದ ಹಾಗೆ ಅದು.

ಚುಕ್ಕಿ ಜಾಸ್ತಿ ಕಂಡರೆ

ಮಾರ್ಕರ್ ಮೇಲೆ ಸುತ್ತಿರುವುದು ಹೆದ್ದಾರಿಯ ಬೋರ್ಡುಗಳ ಮೇಲೆ, ಟ್ರಾಫಿಕ್ ಪೊಲೀಸರ ಜಾಕೆಟ್ ಮೇಲೆ ಇರುತ್ತಲ್ಲ, ಆ ಜಾತಿಯ ಟೇಪು. ಬೆಳಕು ಯಾವ ಕಡೆಯಿಂದ ಬಂತೋ ಅದೇ ಕಡೆಗೆ ವಾಪಸ್ ಕಳಿಸುತ್ತದೆ. ಕ್ಯಾಮೆರಾ ಸುತ್ತ ಇನ್ಫ್ರಾರೆಡ್ ಎಲ್‌ಇಡಿ ಇರುತ್ತವೆ, ಅವುಗಳ ಬೆಳಕು ಮಾರ್ಕರಿಗೆ ಬಡಿದು ನೇರ ಲೆನ್ಸಿಗೆ ಬರುತ್ತದೆ. ಪಾಪ, ಕ್ಯಾಮೆರಾಕ್ಕೆ ಹೊಳೆಯುವ ಚುಕ್ಕಿ ಬಿಟ್ಟು ಬೇರೇನೂ ಗೊತ್ತಿಲ್ಲ. ಆ ಹೊಳಪು ಮಾರ್ಕರಿಂದ ಬಂತೋ ಕಾಲ್ಗೆಜ್ಜೆಯಿಂದ ಬಂತೋ ಅಂತ ಕೇಳುವ ಬುದ್ಧಿ ಅದಕ್ಕಿಲ್ಲ.

ನಮ್ಮ ಕಡೆ ಈ ಕಾಟ ಜಾಸ್ತಿ. ಕಾಲ್ಗೆಜ್ಜೆ, ಕಾಲುಂಗುರ, ಬಳೆ, ಸೊಂಟದ ಉಡಿದಾರದಲ್ಲಿ ಸಿಕ್ಕಿಸಿದ ಬೆಳ್ಳಿ ತಾಯತ. ದೂರದಲ್ಲಿ ನಿಂತು ಮೊಮ್ಮಗಳನ್ನು ಹುರಿದುಂಬಿಸುತ್ತಿರುವ ಅಜ್ಜಿಯ ಸೀರೆಯ ಜರಿ ಅಂಚು. ಕಿಟಕಿ ಕಟ್ಟೆ ಮೇಲಿನ ಸ್ಟೀಲ್ ಬಾಟಲು. ಸ್ಪೋರ್ಟ್ಸ್ ಶೂ ಹಿಮ್ಮಡಿಯಲ್ಲಿ ಹೊಳೆಯುವ ಪಟ್ಟಿ. ಪಾಲಿಶ್ ಮಾಡಿದ ಗ್ರಾನೈಟ್ ನೆಲವಂತೂ ಪಾದದ ಮಾರ್ಕರಿಗೆ ಪ್ರತಿಬಿಂಬವನ್ನೇ ಕೊಟ್ಟುಬಿಡುತ್ತದೆ. ಸಂಜೆ ನಾಲ್ಕೂವರೆಗೆ ಪಶ್ಚಿಮದ ಕಿಟಕಿಯಿಂದ ಬಿಸಿಲು ಬಂದರೆ ಮುಗಿಯಿತು, ಬಿಸಿಲಲ್ಲಿ ಇನ್ಫ್ರಾರೆಡ್ ಬೇಕಾದಷ್ಟಿದೆ.

ಪತ್ತೆ ಮಾಡುವುದು ಸುಲಭ. ಖಾಲಿ ರೂಮನ್ನು ಐದು ಸೆಕೆಂಡ್ ರೆಕಾರ್ಡ್ ಮಾಡಿ. ಒಂದು ಚುಕ್ಕಿಯೂ ಕಾಣಬಾರದು. ಕಂಡರೆ ಯಾವ ಕ್ಯಾಮೆರಾದಲ್ಲಿ ಅಂತ ನೋಡಿ, ಒಬ್ಬರು ಕಪ್ಪು ಬಟ್ಟೆ ಹಿಡಿದು ಆ ಕಡೆ ಒಂದೊಂದೇ ವಸ್ತು ಮುಚ್ಚುತ್ತಾ ಹೋಗಲಿ, ಚುಕ್ಕಿ ಯಾವಾಗ ಆರಿತೋ ಅದೇ ಕಳ್ಳ. ಆಮೇಲೆ ಇದೇ ಪರೀಕ್ಷೆಯನ್ನು ರೋಗಿಯನ್ನು ನಿಲ್ಲಿಸಿ ಮಾಡಿ, ಆಗ ಬರೋಬ್ಬರಿ 16 ಚುಕ್ಕಿ ಇರಬೇಕು. ಸಾಫ್ಟ್‌ವೇರಿನಲ್ಲಿ ಆ ಜಾಗಕ್ಕೆ ಮಾಸ್ಕ್ ಹಾಕುವುದು ಎಲ್ಲರಿಗೂ ಗೊತ್ತಿರುವ ಅಡ್ಡದಾರಿ. ಎದುರು ಕ್ಯಾಮೆರಾದ ದೀಪಕ್ಕೆ ಮಾಸ್ಕ್ ಹಾಕಿ, ಬೇರೆ ದಾರಿ ಇಲ್ಲ. ಆದರೆ ಬಾಟಲಿಗೆ ಮಾಸ್ಕ್ ಹಾಕಬೇಡಿ, ಬಾಟಲನ್ನು ಎತ್ತಿಡಿ. ಮಾಸ್ಕ್ ಹಾಕಿದ ಜಾಗದಲ್ಲಿ ನಿಜವಾದ ಮಾರ್ಕರ್ ಬಂದರೂ ಕ್ಯಾಮೆರಾ ಕುರುಡು.

ನಮ್ಮ ಹುಡುಗಿಯ ರೆಕಾರ್ಡಿಂಗಿನಲ್ಲಿ ಇದು ಶುದ್ಧವಾಗಿತ್ತು. ಗೆಜ್ಜೆಯನ್ನು ಮೊದಲೇ ಬಿಚ್ಚಿಸಿ ಅಜ್ಜಿಯ ಕೈಗೆ ಕೊಟ್ಟಿದ್ದೆವು.

ಚುಕ್ಕಿ ಮಾಯವಾದರೆ, ಅಥವಾ ಹೆಸರು ಬದಲಾದರೆ

ಒಂದು ಮಾರ್ಕರ್ ಎಲ್ಲಿದೆ ಅಂತ ಲೆಕ್ಕ ಹಾಕಲು ಕಡೇಪಕ್ಷ ಎರಡು ಕ್ಯಾಮೆರಾಕ್ಕೆ ಅದು ಕಾಣಬೇಕು. ಸೊಂಟದ ಮುಂದಿನ ಎರಡು ಮಾರ್ಕರ್ ಮೇಲೆ ಬೀಸುವ ಕೈ ಅಡ್ಡ ಬರುತ್ತದೆ, ದಪ್ಪ ಇರುವವರಲ್ಲಿ ಹೊಟ್ಟೆ ಅಡ್ಡ ಬರುತ್ತದೆ. ಐದಾರು ಫ್ರೇಮ್ ಮಾಯವಾದರೆ ಸಾಫ್ಟ್‌ವೇರ್ ತುಂಬಿಕೊಳ್ಳಲಿ, ಚಿಂತೆಯಿಲ್ಲ. ಇಪ್ಪತ್ತು ಮೂವತ್ತು ಫ್ರೇಮ್ ಖಾಲಿಯಿದ್ದರೆ ಅಲ್ಲಿ ಎಳೆದ ಗೆರೆ ಸಾಫ್ಟ್‌ವೇರಿನ ಕಲ್ಪನೆಯೇ ಹೊರತು ರೋಗಿಯ ನಡಿಗೆಯಲ್ಲ. ಸೊಂಟದ ಮಾರ್ಕರ್ ಆದರೆ ಉಳಿದ ಮೂರನ್ನು ಆಧಾರ ಮಾಡಿಕೊಂಡು ನಾಲ್ಕನೆಯದನ್ನು ಕೂರಿಸಬಹುದು, ನಾಲ್ಕೂ ಒಂದೇ ಮೂಳೆಗೂಡಿನ ಮೇಲಿರುವುದರಿಂದ.

ಹೆಸರು ಅದಲು ಬದಲು ಆಗುವುದು ಹೆಚ್ಚಾಗಿ ಎರಡು ಮಂಡಿ ಒಂದನ್ನೊಂದು ದಾಟುವಾಗ. ಈ ಹುಡುಗಿಯ ಮಂಡಿಗಳು ಉಜ್ಜಿಕೊಂಡೇ ಹೋಗುತ್ತಿದ್ದವು, ಹಾಗಾಗಿ ನನ್ನ ಮೊದಲ ಅನುಮಾನ ಇದರ ಮೇಲೇ ಇತ್ತು. ಇದಕ್ಕೊಂದು ಒಳ್ಳೇ ಪರೀಕ್ಷೆ ಇದೆ: ಒಂದೇ ಮೂಳೆಯ ಮೇಲಿರುವ ಎರಡು ಮಾರ್ಕರುಗಳ ನಡುವಿನ ದೂರವನ್ನು ಗ್ರಾಫ್ ಮಾಡಿ. ತೊಡೆ ಮಾರ್ಕರಿಂದ ಮಂಡಿ ಮಾರ್ಕರಿಗೆ ಇರುವ ದೂರ ನಡಿಗೆಯ ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ಇರಬೇಕು. ಚರ್ಮ, ಮಾಂಸ ಅಲುಗಾಡುವುದರಿಂದ ಒಂದು ಸೆಂಟಿಮೀಟರಿನಷ್ಟು ಆಚೀಚೆ ಆಗಬಹುದು, ಅಷ್ಟೇ. ಮೂಳೆ ಉದ್ದ ಆಗಲ್ಲ ಅಲ್ವಾ. ಗೆರೆ ಜಿಗಿದರೆ ಹೆಸರು ಬದಲಾಗಿದೆ, ಆ ಫ್ರೇಮಿಗೆ ಹೋಗಿ ಸರಿಮಾಡಿ.

ನಾವೂ ಮಾಡಿದೆವು. ಒಂಬತ್ತು ಸಲ ನಡೆಸಿದ್ದೆವು, ಆ ಒಂಬತ್ತು ಟ್ರಯಲ್‌ನಲ್ಲೂ ಆ ದೂರ ಸುಮಾರು 15 ಸೆಂಟಿಮೀಟರ್, ಎಲ್ಲೂ ಜಿಗಿತವಿಲ್ಲ. ಮಾರ್ಕರ್ ಸರಿಯಿದೆ ಅಂತ ಅಲ್ಲಿಗೆ ಟಿಕ್ ಹಾಕಿ ಮುಂದೆ ಹೋದೆವು. ತಪ್ಪು ಮಾಡಿದ್ದು ಅಲ್ಲೇ, ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಕ್ಯಾಲಿಬ್ರೇಷನ್

ಇದಕ್ಕೆ ಜಾಸ್ತಿ ಹೊತ್ತು ಬೇಡ. ಕ್ಯಾಲಿಬ್ರೇಷನ್ ಕೋಲನ್ನೇ ಮತ್ತೆ ರೂಮಿನ ತುಂಬ ಬೀಸಿ ರೆಕಾರ್ಡ್ ಮಾಡಿ, ಅದರ ಎರಡು ಮಾರ್ಕರ್ ನಡುವಿನ ದೂರ ಎಷ್ಟು ಬರುತ್ತದೆ ನೋಡಿ. ನಿಜವಾದ ಉದ್ದಕ್ಕೂ ಅದಕ್ಕೂ 1 ಮಿಲಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ, ಅದೂ ರೂಮಿನ ಒಂದೇ ಮೂಲೆಯಲ್ಲಿ ಬಂದರೆ, ಆ ಮೂಲೆಯ ಕ್ಯಾಮೆರಾಕ್ಕೆ ಯಾರೋ ತಗುಲಿದ್ದಾರೆ. ಟ್ರೈಪಾಡ್ ಮೇಲಿನ ಕ್ಯಾಮೆರಾಕ್ಕೆ ಪೊರಕೆ ತಾಗಿದರೂ ಸಾಕು. ಕ್ಯಾಮೆರಾ ಆನ್ ಮಾಡಿದ ಕೂಡಲೇ ಕ್ಯಾಲಿಬ್ರೇಟ್ ಮಾಡುವ ಅವಸರವೂ ಬೇಡ, ಅರ್ಧ ಗಂಟೆ ಬಿಸಿಯಾಗಲಿ, ಬಿಸಿಯಾಗುತ್ತಾ ಒಳಗಿನ ಭಾಗಗಳು ಸ್ವಲ್ಪ ಸರಿಯುತ್ತವೆ.

ನೆಲದ ಮಟ್ಟಕ್ಕೆ ಬೇರೆ ಪರೀಕ್ಷೆ. ಪಾದ ಪೂರ್ತಿ ನೆಲಕ್ಕೆ ಕೂತಾಗ ಹಿಮ್ಮಡಿ ಮಾರ್ಕರಿನ ಎತ್ತರ ಎಷ್ಟು ಅಂತ ನಡೆದಾರಿಯ ಆ ತುದಿಯಲ್ಲೂ ಈ ತುದಿಯಲ್ಲೂ ನೋಡಿ. ಆರು ಮೀಟರಿಗೆ ಎರಡು ಮೂರು ಸೆಂಟಿಮೀಟರ್ ಏರಿದ್ದರೆ ನಿಮ್ಮ ಪೇಷಂಟ್ ಗುಡ್ಡ ಹತ್ತುತ್ತಿಲ್ಲ, ನೆಲದ ಮಟ್ಟ ಗುರುತಿಸಲು ಇಡುವ ಚೌಕಟ್ಟನ್ನು ನೀವು ಓರೆ ಇಟ್ಟಿದ್ದೀರಿ. ಕ್ಯಾಲಿಬ್ರೇಷನ್ ಕೆಟ್ಟರೆ ಎರಡೂ ಕಾಲು ಕೆಡುತ್ತವೆ. ನಮ್ಮಲ್ಲಿ ಬಲಗಾಲು ಅಚ್ಚುಕಟ್ಟಾಗಿತ್ತು. ಹಾಗಾಗಿ ಇದನ್ನೂ ಪಕ್ಕಕ್ಕಿಟ್ಟೆವು.

ಫೋರ್ಸ್ ಪ್ಲೇಟಿನ ದೋಷ ಕೋನದ ಗ್ರಾಫಿಗೆ ಬರುವುದಿಲ್ಲ, ಮಂಡಿಯ ಮೇಲೆ ಬೀಳುವ ಬಲದ ಗ್ರಾಫಿಗೆ ಮಾತ್ರ ಬರುತ್ತದೆ. ಅದಕ್ಕೇ ಅವತ್ತು ಆ ಕಡೆ ಹೋಗಲಿಲ್ಲ. ನಿಮಗೆ ಅನುಮಾನ ಇದ್ದರೆ ಹೀಗೆ ಮಾಡಿ: ಪ್ಲೇಟ್ ಖಾಲಿ ಇದ್ದಾಗ ಸೊನ್ನೆ ತೋರಿಸಬೇಕು, 60 ಕೆಜಿಯವರು ನಿಂತರೆ ಸುಮಾರು 588 ನ್ಯೂಟನ್ ತೋರಿಸಬೇಕು. ಆಮೇಲೆ ಎರಡು ಮಾರ್ಕರ್ ಅಂಟಿಸಿದ ಚೂಪು ತುದಿಯ ಕೋಲನ್ನು ಪ್ಲೇಟಿಗೆ ಓರೆಯಾಗಿ ಒತ್ತಿ ಹಿಡಿಯಿರಿ. ಪರದೆ ಮೇಲೆ ಬಲದ ಬಾಣ ಕೋಲಿನ ಉದ್ದಕ್ಕೇ ಹೋಗಬೇಕು. ಬಾಣ ಕೋಲನ್ನು ಬಿಟ್ಟು ಪಕ್ಕದಲ್ಲಿ ಎದ್ದರೆ ಪ್ಲೇಟ್ ಎಲ್ಲಿದೆ ಅಂತ ಸಾಫ್ಟ್‌ವೇರಿಗೆ ಯಾರೋ ತಪ್ಪು ಅಳತೆ ಕೊಟ್ಟಿದ್ದಾರೆ.

ಎಲ್ಲಾ ಸರಿಯಿದೆ, ಆದ್ರೂ ಮಂಡಿ ವಾಲಿದೆ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕಂದರೆ ನಾನು ನೋಡಿದ ಹಾಗೆ ಜನ ಎಡವುವುದು ಇಲ್ಲೇ.

ಸಾಫ್ಟ್‌ವೇರಿಗೆ ಮಂಡಿ ಕಾಣುವುದಿಲ್ಲ. ಅದಕ್ಕೆ ಕಾಣುವುದು ಮೂರು ನಾಲ್ಕು ಚುಕ್ಕಿ. ಸೊಂಟದ ಮಾರ್ಕರಿಂದ ತೊಡೆಸಂದಿನ ಕೀಲು ಎಲ್ಲಿರಬಹುದು ಅಂತ ಅಂದಾಜು ಮಾಡುತ್ತದೆ. ಅಲ್ಲಿಂದ ಮಂಡಿಯ ಹೊರಬದಿಯ ಮಾರ್ಕರಿಗೆ ಒಂದು ಗೆರೆ. ಮಂಡಿ ಯಾವ ದಿಕ್ಕಿಗೆ ಮುಖ ಮಾಡಿದೆ ಅನ್ನುವುದನ್ನು ಮಾತ್ರ ತೊಡೆಯ ಪಕ್ಕದಲ್ಲಿ ಅಂಟಿಸಿದ ಒಂದೇ ಒಂದು ಮಾರ್ಕರಿಂದ ತಿಳಿದುಕೊಳ್ಳುತ್ತದೆ. ಅಂದರೆ ಬಾಗಿಲ ಕೀಲಿನ ದಿಕ್ಕನ್ನು ನಿರ್ಧರಿಸುವುದು ಆ ಚುಕ್ಕಿ. ಕೀಲನ್ನು ಓರೆ ಹೊಡೆದರೆ ಬಾಗಿಲು ತೆಗೆಯುವಾಗ ಪಕ್ಕಕ್ಕೆ ವಾಲಿಕೊಂಡು ತೆರೆಯುತ್ತದಲ್ಲ, ಹಾಗೇ ಇಲ್ಲೂ. ಮಂಡಿ ನೆಟ್ಟಗೆ ಮಡಚಿದರೂ ಆ ಮಡಚುವಿಕೆಯ ಒಂದು ಪಾಲು ಪಕ್ಕದ ವಾಲಾಟದ ಗ್ರಾಫಿಗೆ ಸೋರಿ ಹೋಗುತ್ತದೆ.

ಎಷ್ಟು ಸೋರುತ್ತದೆ? ಸಾಮಾನ್ಯ ನಡಿಗೆಯಲ್ಲಿ ಕಾಲು ಎತ್ತಿದಾಗ ಮಂಡಿ ಸುಮಾರು 60 ಡಿಗ್ರಿ ಮಡಚುತ್ತದೆ. ಮಂಡಿ ಮಡಚುವ ಅಕ್ಷ, ಅಂದರೆ ಆ ಕೀಲಿನ ದಿಕ್ಕು, 15 ಡಿಗ್ರಿ ಓರೆಯಾದರೆ ಪಕ್ಕಕ್ಕೆ ಸುಮಾರು 13 ಡಿಗ್ರಿ ವಾಲಿದ ಹಾಗೆ ಕಾಣುತ್ತದೆ. ಒಂಬತ್ತು ವರ್ಷದ ಮಗುವಿನ ತೊಡೆಯ ನಡುವಿನಿಂದ ಹೊರಮೈಗೆ ಸುಮಾರು ಆರು ಸೆಂಟಿಮೀಟರ್. ಅಲ್ಲಿ ಮಾರ್ಕರ್ ಒಂದೂವರೆ ಸೆಂಟಿಮೀಟರ್ ಹಿಂದಕ್ಕೋ ಮುಂದಕ್ಕೋ ಸರಿದರೆ ಸಾಕು, 14 ಡಿಗ್ರಿ ಬಂದೇಬಿಡುತ್ತದೆ. ಒಂದೂವರೆ ಸೆಂಟಿಮೀಟರ್ ಅಂದರೆ ಮಾರ್ಕರಿನದೇ ಅಗಲ, ಅಷ್ಟೇ.

ಗುರುತು ಹಿಡಿಯುವುದು ಹೇಗೆ? ಮಂಡಿ ಮಡಚುವ ಗ್ರಾಫ್ ಮತ್ತು ಪಕ್ಕಕ್ಕೆ ವಾಲುವ ಗ್ರಾಫ್, ಎರಡನ್ನೂ ಒಂದರ ಕೆಳಗೆ ಒಂದು ಇಟ್ಟು ನೋಡಿ. ಎರಡರ ಗುಡ್ಡವೂ ಒಂದೇ ಹೊತ್ತಿಗೆ ಎದ್ದು ಒಂದೇ ಹೊತ್ತಿಗೆ ಇಳಿದರೆ ಅದು ಸೋರಿಕೆ. ನಿಜವಾಗಿ ಸಡಿಲವಾದ ಮಂಡಿ ಮೈಭಾರ ಬಿದ್ದಾಗ ವಾಲಬೇಕು, ಗಾಳಿಯಲ್ಲಿ ಎತ್ತಿ ಹಿಡಿದಾಗಲ್ಲ. ಮೂರನೆಯದಾಗಿ ತೊಡೆ ತಿರುಗುವ ಗ್ರಾಫ್ ನೋಡಿ. ತೊಡೆ ಮಾರ್ಕರ್ ಹಿಂದಕ್ಕೆ ಸರಿದಿದ್ದರೆ ತೊಡೆ ಹೊರಕ್ಕೆ ತಿರುಗಿದ ಹಾಗೂ, ಕಾಲೆತ್ತಿದಾಗ ಮಂಡಿ ಒಳಕ್ಕೆ ವಾಲಿದ ಹಾಗೂ ತೋರಿಸುತ್ತದೆ. ಮುಂದಕ್ಕೆ ಸರಿದಿದ್ದರೆ ಎರಡೂ ಉಲ್ಟಾ.

ನಮ್ಮ ಗ್ರಾಫ್ ಇದಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಆದರೂ ಒಂದು ಗಂಟು ಬಿಡಿಸಿರಲಿಲ್ಲ. ನಡೆಸುವ ಮುಂಚೆ ತೆಗೆದ ನಿಂತ ಭಂಗಿಯ ರೆಕಾರ್ಡಿಂಗ್ ಸರಿಯಾಗಿತ್ತು. ಮಾರ್ಕರ್ ಅಂಟಿಸಿದ್ದು ನಮ್ಮ ಫಿಸಿಯೊ ಮೇಡಂ, ಅವರ ಕೈ ತಪ್ಪುವುದು ಕಡಿಮೆ. ಅವರೇ ಬಂದು ನೋಡಿ, "ಸರಾಸರಿ ಬೇಡ, ಒಂಬತ್ತನ್ನೂ ಬಿಡಿಬಿಡಿಯಾಗಿ ತೋರಿಸಿ" ಅಂದರು.

ತೋರಿಸಿದೆ. ಮೊದಲ ನಾಲ್ಕು ಟ್ರಯಲ್ ಒಂದು ಗುಂಪು, ಕೊನೆಯ ಐದು ಇನ್ನೊಂದು ಗುಂಪು. ನಡುವೆ ಬಯಲು. ಮೊದಲ ಗುಂಪಿನಲ್ಲಿ ಮಂಡಿ ವಾಲುವುದು 3 ಡಿಗ್ರಿ, ತೊಡೆ ಒಳಕ್ಕೆ 16 ಡಿಗ್ರಿ ತಿರುಗಿದೆ. ಎರಡನೆಯದರಲ್ಲಿ ಮಂಡಿ 15, ತೊಡೆ ಬರೀ 1. ನಾನು ನೋಡುತ್ತಾ ಕೂತಿದ್ದ ರಿಪೋರ್ಟ್ ಎರಡನ್ನೂ ಕಲಸಿ ಮಾಡಿದ ಸರಾಸರಿ! ಸರಾಸರಿ ಗೆರೆಯ ಸುತ್ತ ಟ್ರಯಲ್‌ಗಳ ಏರುಪೇರು ತೋರಿಸುವ ಬೂದು ಪಟ್ಟಿ ಎಡಗಾಲಿಗೆ ಮಾತ್ರ ಅಷ್ಟು ಅಗಲ ಯಾಕಿದೆ ಅಂತ ನಾನು ಮೊದಲೇ ಕೇಳಿಕೊಳ್ಳಬೇಕಿತ್ತು.

ಹಾಗಾದರೆ ನಾಲ್ಕಕ್ಕೂ ಐದಕ್ಕೂ ನಡುವೆ ಏನಾಯಿತು? ನೋಟ್ ಹಾಳೆಯಲ್ಲಿ ಒಂದಕ್ಷರ ಇಲ್ಲ. ಆಗ ಆ ಮಾಮೂಲಿ ವಿಡಿಯೊ ತೆಗೆದೆವು. ನಾಲ್ಕನೇ ಸಲ ನಡೆದು ತಿರುಗುವಾಗ ಹುಡುಗಿಯ ಕೈ ತೊಡೆಗೆ ತಾಗಿ ಮಾರ್ಕರ್ ಉದುರುತ್ತದೆ. ಒಬ್ಬ ಮನುಷ್ಯ ಬಂದು ಬಗ್ಗಿ, ನೆಲದಿಂದ ಅದನ್ನು ಎತ್ತಿ, ಪ್ಯಾಂಟಿಗೆ ಒರೆಸಿ, ಕಣ್ಣಂದಾಜಿನಲ್ಲಿ ಟಪ್ ಅಂತ ಅಂಟಿಸಿ ಹೋಗುತ್ತಾನೆ. ಆ ಮನುಷ್ಯ ನಾನೇ.

ಉದುರಿದ್ದು ಯಾಕೆ ಅಂತ ಅಜ್ಜಿಗೆ ಫೋನ್ ಮಾಡಿದಾಗ ಗೊತ್ತಾಯಿತು. "ಬಸ್ಸಲ್ಲಿ ಕಾಲು ಬಿಗೀತಾವೆ ಅಂತ ಬೆಳಿಗ್ಗೆ ಹರಳೆಣ್ಣೆ ತಿಕ್ಕಿದ್ದೆ ಕಣಪ್ಪ" ಅಂದರು. ಎಣ್ಣೆ ಚರ್ಮಕ್ಕೆ ಡಬಲ್ ಟೇಪ್ ಎಲ್ಲಿ ಹಿಡಿಯುತ್ತದೆ.

ಇನ್ನು ದೂರದ ಪರೀಕ್ಷೆ ಇದನ್ನು ಯಾಕೆ ಹಿಡಿಯಲಿಲ್ಲ? ಲೆಕ್ಕ ಹಾಕಿ ನೋಡಿ. ಮಂಡಿ ಮಾರ್ಕರಿಂದ 15 ಸೆಂಟಿಮೀಟರ್ ಮೇಲಿರುವ ಚುಕ್ಕಿ ಅಡ್ಡಕ್ಕೆ ಒಂದೂವರೆ ಸೆಂಟಿಮೀಟರ್ ಸರಿದರೆ ದೂರ 15.07 ಆಗುತ್ತದೆ. ಒಂದು ಮಿಲಿಮೀಟರೂ ಇಲ್ಲ. ಮೇಲೆ ಕೆಳಗೆ ಸರಿದರೆ ಆ ಪರೀಕ್ಷೆಗೆ ಸಿಗುತ್ತದೆ, ತೊಡೆಯ ಸುತ್ತ ಅಡ್ಡಕ್ಕೆ ಸರಿದರೆ ಸಿಗುವುದೇ ಇಲ್ಲ. ಮಂಡಿಯ ಗ್ರಾಫ್ ಕೆಡಿಸುವುದೋ, ಬರೀ ಅಡ್ಡ ಸರಿಯುವಿಕೆ.

ಕೊನೆಯ ಐದು ಟ್ರಯಲ್ ತೆಗೆದುಹಾಕಿ, ನಾಲ್ಕರಲ್ಲೇ ರಿಪೋರ್ಟ್ ಮಾಡಿ ಕೊಟ್ಟೆವು. ಸಾಫ್ಟ್‌ವೇರಿನಲ್ಲಿ ತೊಡೆಯ ಕೋನವನ್ನು 15 ಡಿಗ್ರಿ ತಿದ್ದಿ ಐದನ್ನೂ ಉಳಿಸಿಕೊಳ್ಳಬಹುದಿತ್ತು, ಹಾಗೆ ಮಾಡುವವರೂ ಇದ್ದಾರೆ. ಆಪರೇಷನ್ ವಿಷಯ ಇರುವಾಗ ನನಗೆ ಧೈರ್ಯ ಬರಲಿಲ್ಲ. ಇಲ್ಲದ ಮಂಡಿ ದೋಷ ತೋರಿಸಿದ್ದಿರಲಿ, ಇರುವ ತೊಡೆ ತಿರುಚನ್ನೇ ಆ ಗ್ರಾಫ್ ಮುಚ್ಚಿಟ್ಟಿತ್ತು. ಡಾಕ್ಟರು ಕೇಳಿದ್ದು ಅದೊಂದನ್ನೇ.

ಈಗ ನಾವು ಮಾಡುವುದು: ಮಾರ್ಕರ್ ಅಂಟಿಸುವ ಮುಂಚೆ ಚರ್ಮವನ್ನು ಸ್ಪಿರಿಟ್ಟಿನಲ್ಲಿ ಒರೆಸುತ್ತೇವೆ. ಅಂಟಿಸಿದ ಮೇಲೆ ಸುತ್ತ ಪೆನ್ನಿನಲ್ಲಿ ಒಂದು ಸುತ್ತು ಗೆರೆ. ಉದುರಿದರೆ ಆ ಗೆರೆಯೊಳಗೇ ಕೂರಬೇಕು, ಕೂರಿಸಿದ ಮೇಲೆ ನಿಂತ ಭಂಗಿಯನ್ನು ಇನ್ನೊಮ್ಮೆ ರೆಕಾರ್ಡ್ ಮಾಡಬೇಕು, ಹಾಳೆಯಲ್ಲಿ ಬರೆಯಬೇಕು. 1890ರ ದಶಕದಲ್ಲಿ ಲೈಪ್‌ಜಿಗ್‌ನಲ್ಲಿ ಬ್ರೌನೆ ಮತ್ತು ಫಿಷರ್ ಅನ್ನುವ ಇಬ್ಬರು ಜರ್ಮನ್ ವಿಜ್ಞಾನಿಗಳು ಇದೇ ಕೆಲಸಕ್ಕೆ ಮನುಷ್ಯನ ಕೈಕಾಲಿಗೆ ಮಿನುಗುವ ಗಾಜಿನ ಟ್ಯೂಬುಗಳನ್ನು ಕಟ್ಟಿ ಕತ್ತಲಲ್ಲಿ ನಡೆಸಿ ಫೋಟೊ ತೆಗೆದಿದ್ದರು. ಅವರದು ಪಟ್ಟಿ ಬಿಗಿದು ಕಟ್ಟಿದ್ದು, ಹರಳೆಣ್ಣೆಗೆ ಜಗ್ಗುತ್ತಿರಲಿಲ್ಲ ಅನ್ನಿಸುತ್ತದೆ.

ಕ್ಯಾಮೆರಾ ಇಲ್ಲದವರಿಗೆ

ಮೈಗೆ ಕಟ್ಟುವ ಸೆನ್ಸರ್ ಇದ್ದರೆ ಅಲ್ಲಿ ದೋಷದ ಆಕಾರ ಬೇರೆ, ಗೆರೆ ಮೆಲ್ಲಗೆ ತೇಲಿಹೋಗುತ್ತದೆ. ತಿರುಗುವ ವೇಗ ಅಳೆಯುವ ಗೈರೊ ಸೆಕೆಂಡಿಗೆ 0.01 ಡಿಗ್ರಿ ತಪ್ಪು ಹೇಳಿದರೂ ನಿಮಿಷಕ್ಕೆ 0.6 ಡಿಗ್ರಿ, ಗಂಟೆಗೆ 36. ಇದನ್ನು ತಿದ್ದಲು ಒಳಗೆ ದಿಕ್ಸೂಚಿಯ ಹಾಗೆ ಒಂದು ಮ್ಯಾಗ್ನೆಟೊಮೀಟರ್ ಇರುತ್ತದೆ, ಅದನ್ನು ನೆಲದ ಕಾಂಕ್ರೀಟಿನೊಳಗಿನ ಕಬ್ಬಿಣ, ಪಕ್ಕದ ಲಿಫ್ಟು, ಟ್ರೆಡ್‌ಮಿಲ್ ಮೋಟಾರು ದಾರಿ ತಪ್ಪಿಸುತ್ತವೆ. ಪರೀಕ್ಷೆಗೆ ಊಟದ ಮಣೆ ಸಾಕು. ಕಬ್ಬಿಣದ ಮೊಳೆ ಇಲ್ಲದ ಮರದ ಮಣೆ ಮೇಲೆ ಎಲ್ಲ ಸೆನ್ಸರನ್ನೂ ಒಂದೇ ದಿಕ್ಕಿಗೆ ಅಂಟಿಸಿ, ಸೊಂಟದ ಎತ್ತರಕ್ಕೆ ಹಿಡಿದು ರೂಮಿನಲ್ಲಿ ಓಡಾಡಿ, ಆಮೇಲೆ ನೆಲದ ಹತ್ತಿರ ತನ್ನಿ. ಎಲ್ಲವೂ ಒಂದೇ ದಿಕ್ಕು ಹೇಳಬೇಕು. ನಮ್ಮ ಕಡೆ ಭೂಮಿಯ ಕಾಂತಬಲ ಸುಮಾರು 40 ಮೈಕ್ರೊಟೆಸ್ಲಾ. ನೆಲದ ಹತ್ತಿರ ಬಂದಾಗ ಆ ಸಂಖ್ಯೆ ಏರುಪೇರಾದರೆ ಪಾದದ ಸೆನ್ಸರ್ ಹೇಳುವ ದಿಕ್ಕನ್ನು ನಂಬಬೇಡಿ. ಕ್ಯಾಲಿಬ್ರೇಷನ್ ಮಾಡುವ ಜಾಗ ಬದಲಾಯಿಸಿ.

ಬರೀ ಮೊಬೈಲ್ ವಿಡಿಯೊದಲ್ಲಿ ಮಾಡುವವರು ಮೂರು ವಿಷಯ ನೋಡಿ. ಫೋನ್ ಹೇಳುವ ಸೆಕೆಂಡಿಗೆ 60 ಫ್ರೇಮ್ ನಿಜವಾಗಿ ಒಂದೇ ಸಮ ಇರುವುದಿಲ್ಲ, ಬೆಳಕು ಕಮ್ಮಿಯಾದರೆ ಕುಂಟುತ್ತದೆ, ಹಾಗಾಗಿ ವೇಗ ಲೆಕ್ಕ ಹಾಕುವ ಮುಂಚೆ ಪ್ರತಿ ಫ್ರೇಮಿನ ಸಮಯ ತೆಗೆದು ನೋಡಿ. ನಮ್ಮ ಕರೆಂಟ್ 50 ಹರ್ಟ್ಜ್, ಟ್ಯೂಬ್‌ಲೈಟಿನ ಕೆಳಗೆ ಚಿತ್ರದಲ್ಲಿ ಪಟ್ಟೆ ಪಟ್ಟೆ ಓಡಿದರೆ ಶಟರ್ 1/100 ಸೆಕೆಂಡಿಗೆ ಇಡಿ. ಮತ್ತೆ ಪಕ್ಕದಿಂದ ತೆಗೆದ ವಿಡಿಯೊದಲ್ಲಿ ಒಂದು ಕಾಲು ಇನ್ನೊಂದನ್ನು ದಾಟುವಾಗ ಕೀಲುಗಳನ್ನು ಗುರುತಿಸುವ ಪ್ರೋಗ್ರಾಂ ಎಡಬಲ ಅದಲು ಬದಲು ಮಾಡಿಕೊಳ್ಳುತ್ತದೆ, ಸೀರೆಯೋ ಪಂಚೆಯೋ ಇದ್ದರಂತೂ ಮಂಡಿಯ ಚುಕ್ಕಿಯನ್ನು ಬಟ್ಟೆಯ ಮೇಲೆ ಊಹೆಯಿಂದ ಇಡುತ್ತದೆ. ಮಂಡಿ ಮೇಲಕ್ಕೆ ಬರುವ ಚಡ್ಡಿ ಒಂದೆರಡು ಸೈಜ್ ತಂದಿಟ್ಟುಕೊಳ್ಳಿ. ಲ್ಯಾಬಿನಲ್ಲಿ ನಮ್ಮ ಬೀರುವಿನಲ್ಲೂ ಆರು ಇವೆ, ದಾರ ಕಟ್ಟುವಂಥವು.